ತಂಬೂರಿ ತಗೊಂಡು ಬಾ

ಮಿರಜ
ಕಾರ್ತಿಕ ಮಾಸ

ಪ್ರೀತಿಯ ತಮ್ಮನಿಗೆ,

ಡಿಸೆಂಬರಿನಲ್ಲಿ ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗುತ್ತೇನೆ, ವಿಮಾನಕ್ಕೆ ಟಿಕೆಟ್ ನೋಡುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಆವತ್ತು ಮನೆತುಂಬ ಜನ, ಸರಿಯಾಗಿ ಮಾತಾಡಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ವಿಮಾನ ಬೇಡ, ರೈಲಿಗೆ ಬಾ. ನಾಲ್ಕು ದಿನ ಮಿರಜದಲ್ಲಿದ್ದು ಆಮೇಲೆ ಪುಣೆಗೆ ಹೋದರಾಯಿತು. ಅಲ್ಲಿ ದೊಡ್ಡ ಮಂಟಪದಲ್ಲಿ ಕೂತು ಕೇಳುವ ಹಾಡಿಕೆಯನ್ನು ಬೆಳೆಸಿದ ಓಣಿಗಳನ್ನು ನೀನು ಒಮ್ಮೆ ಕಾಲ್ನಡಿಗೆಯಲ್ಲಿ ನೋಡಬೇಕು ಅಂತ ನನ್ನಾಸೆ.

ಇಲ್ಲಿ ಚಳಿಗಾಲದ ಸಂಜೆಗಳು ಶುರುವಾಗುವುದೇ ನಾಟಕದಿಂದ. ನವೆಂಬರ್ 5 ಮರಾಠಿ ರಂಗಭೂಮಿ ದಿನ. ಸಾಂಗಲಿಯ ಭಾವೆ ನಾಟ್ಯಮಂದಿರದಲ್ಲಿ ಅಂದು ಹಿರಿಯ ರಂಗಕರ್ಮಿಯೊಬ್ಬರಿಗೆ ವಿಷ್ಣುದಾಸ ಭಾವೆಯವರ ಹೆಸರಿನ ಗೌರವ ಪದಕ ಕೊಡುತ್ತಾರೆ. ಈ ಸಲ ನಿನ್ನ ಭಾವನೂ ನಾನೂ ಹೋಗಿದ್ದೆವು. ಭಾಷಣಗಳಲ್ಲಿ 1843ರ ‘ಸೀತಾಸ್ವಯಂವರ’ದ ಮಾತು ಬಂತು, ಮರಾಠಿ ನಾಟಕ ಹುಟ್ಟಿದ್ದು ಆ ಪ್ರಯೋಗದಿಂದ. ನನ್ನ ಮನಸ್ಸು ಮಾತ್ರ ಅದರ ಹಿಂದಿನ ವರ್ಷಕ್ಕೆ ಹೋಗಿತ್ತು. 1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯಿಂದ ಭಾಗವತರ ಮೇಳ ಸಾಂಗಲಿಗೆ ಬಂದು ಆಡಿತ್ತು. ಅದನ್ನು ಕಂಡ ಸಂಸ್ಥಾನದ ದೊರೆ ಚಿಂತಾಮಣರಾವ್ ಪಟವರ್ಧನರಿಗೆ ಇಂಥ ಆಟ ಮರಾಠಿಯಲ್ಲೂ ಆಗಬೇಕೆನ್ನಿಸಿತು. ಆ ಕೆಲಸವನ್ನು ಅವರು ಭಾವೆಯವರಿಗೆ ಒಪ್ಪಿಸಿದರು. ಭಾವೆಯವರ ನಾಟಕದಲ್ಲಿ ಸೂತ್ರಧಾರನೇ ಹಾಡುತ್ತಿದ್ದ, ವಿದೂಷಕ ಬರುತ್ತಿದ್ದ, ಮೊದಲು ಗಣಪತಿ, ಆಮೇಲೆ ನವಿಲಿನ ಮೇಲೆ ಸರಸ್ವತಿ. ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ಯಾವುದೂ ಹೊಸದಲ್ಲ.

ಕೊಟ್ಟದ್ದು ತಿರುಗಿಯೂ ಬಂತು ನೋಡು. ಮುಂದೆ ಮರಾಠಿ ಕಂಪನಿಗಳು ಧಾರವಾಡ, ಹುಬ್ಬಳ್ಳಿ, ಗದಗಿಗೆ ಬಂದು ಊರಿಗೆ ಊರನ್ನೇ ಮರುಳು ಮಾಡಿದವು. ನಮ್ಮ ಜನ ಕನ್ನಡ ನಾಟಕವನ್ನೇ ಮರೆತಾರೆಂದು ಸಂಕಟಪಟ್ಟ ಶಾಂತಕವಿಗಳು ಗದಗಿನಲ್ಲಿ ಕನ್ನಡದ ಮಂಡಳಿ ಕಟ್ಟಿ ‘ಉಷಾಹರಣ’ ಆಡಿಸಿದರು. ಅತ್ತ ಮರಾಠಿಯಲ್ಲಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೋ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ಕಂಪನಿಯಲ್ಲಿ 1905ರಲ್ಲಿ ಬಾಲಗಂಧರ್ವರು ಶಕುಂತಲೆಯಾಗಿ ಮೊದಲು ಬಣ್ಣ ಹಚ್ಚಿದ್ದು ಇದೇ ಮಿರಜದಲ್ಲಿ. ಇಲ್ಲಿನ ನಾಟ್ಯಗೃಹಕ್ಕೆ ಈಗ ಅವರದೇ ಹೆಸರು. ಗಡಿ, ಜಗಳ ಅಂತ ಪೇಪರಿನಲ್ಲಿ ಬಂದಾಗಲೆಲ್ಲ ನನಗೆ ಈ ಹೋಗಿ ಬಂದ ನಾಟಕದವರು ನೆನಪಾಗುತ್ತಾರೆ. ಎರಡೂ ಭಾಷೆ ಆಡುವ ಮನೆಯಲ್ಲಿ ಇಷ್ಟು ವರ್ಷ ಬಾಳಿದವಳು ನಾನು; ಈ ಮಾತು ನನಗೆ ಪುಸ್ತಕದ್ದಲ್ಲ.

ನೀನು ಬಂದ ಮರುದಿನವೇ ಮೀರಾಸಾಹೇಬರ ದರ್ಗಾಕ್ಕೆ ಹೋಗೋಣ. ಅಲ್ಲೇ ಗಾಯಕ ಅಬ್ದುಲ್ ಕರೀಮ್ ಖಾನರ ಸಮಾಧಿ ಇದೆ. ಖಾನಸಾಹೇಬರು 1937ರ ಅಕ್ಟೋಬರ್ 27ರಂದು ಮದರಾಸಿನ ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ಸ್ಟೇಷನ್ನಿನಲ್ಲಿ, ಪಾಂಡಿಚೇರಿಗೆ ಹೊರಟ ದಾರಿಯಲ್ಲಿ, ತೀರಿಕೊಂಡರು. ಅಷ್ಟು ದೂರದಿಂದ ಅವರನ್ನು ಇಲ್ಲಿಗೇ ತಂದು ಮಣ್ಣು ಮಾಡಿದರು. ಉರುಸಿನಲ್ಲಿ ಅವರ ಹೆಸರಿನ ಸಂಗೀತ ಸಭೆ ಆಗುತ್ತದೆ. ಟಿಕೆಟ್ಟಿಲ್ಲ, ಕುರ್ಚಿಯ ತಂಟೆಯಿಲ್ಲ, ಸಂತೆಯಿಂದ ಬಂದವರೂ ಕೈಚೀಲ ಪಕ್ಕಕ್ಕಿಟ್ಟು ಕೂತು ಕೇಳುತ್ತಾರೆ. ಖಾನಸಾಹೇಬರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು; ಅವರ ಶಿಷ್ಯರು ಭೀಮಸೇನ ಜೋಶಿಯವರು, ಗಂಗೂಬಾಯಿಯವರು. ಭೀಮಸೇನರು ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವಕ್ಕೇ ನೀನು ಹೊರಟಿರುವುದು. ಮೊದಲು ಇಲ್ಲಿ ಕೈಮುಗಿದು ಹೋಗು. ಮಲ್ಲಿಕಾರ್ಜುನ ಮನ್ಸೂರರಿಗೂ ಪಂಚಾಕ್ಷರಿ ಗವಾಯಿಗಳಿಗೂ ವಿದ್ಯೆ ಕೊಟ್ಟ ನೀಲಕಂಠಬುವಾ ಇದೇ ಮಿರಜದವರು ಅನ್ನುವುದನ್ನು ನಿನಗೆ ಹೇಳಬೇಕಾಗಿಲ್ಲ. ಅಪ್ಪ ಅವರ ಹೆಸರೆತ್ತುವಾಗ ಕಿವಿ ಮುಟ್ಟಿಕೊಳ್ಳುತ್ತಿದ್ದುದು ನಿನಗೂ ನೆನಪಿದ್ದೀತು.

ಈಗ ಮುಖ್ಯ ಮಾತು. ಅಪ್ಪನ ತಂಬೂರಿ ನಿನ್ನ ಮನೆಯ ಮೂಲೆಯಲ್ಲಿ ಗವಸು ಹೊದ್ದು ನಿಂತಿದೆಯಲ್ಲ, ಅದನ್ನು ತಗೊಂಡು ಬಾ. ಅದು ಹುಟ್ಟಿದ್ದೂ ಇಲ್ಲಿಯೇ. ಆಯುಧಕ್ಕೆ ಸಾಣೆ ಹಿಡಿಯುತ್ತಿದ್ದ ಮನೆತನದ ಫರೀದಸಾಹೇಬರು ಹತ್ತೊಂಬತ್ತನೇ ಶತಮಾನದಲ್ಲಿ ವಾದ್ಯಗಳಿಗೆ ಕೈಹಚ್ಚಿದರು. ಅಂದಿನಿಂದ ಅವರ ಓಣಿ ವಾದ್ಯ ಮಾಡುವ ಸಿತಾರಮೇಕರರದೇ. ಸೋರೆ ಬುರುಡೆಗಳು ಪಂಢರಪುರ, ಮಂಗಳವೇಢೆ ಸೀಮೆಯಿಂದ ಬರುತ್ತವೆ. ಅಂಗಡಿಯ ಅಟ್ಟದ ತುಂಬ ಒಣಗಿದ ಬುರುಡೆಗಳ ಸಾಲು, ಕೆಳಗೆ ಮರದ ಹೊಟ್ಟು, ಅರಗಿನ ವಾಸನೆ.

ಮೊನ್ನೆ ಅಲ್ಲಿ ಕೂತು ಜವಾರಿ ತೆಗೆಯುವುದನ್ನು ನೋಡಿದೆ. ತಂತಿಗಳನ್ನು ಹೊರುವ ಕುದುರೆಯ ಮೇಲ್ಮೈ ಕಣ್ಣಿಗೆ ಸಪಾಟಾಗಿ ಕಾಣುತ್ತದೆ, ಆದರೆ ಅದಕ್ಕೊಂದು ಸಣ್ಣ ಇಳಿಜಾರು. ಕಾರಿಗರ ಅರದಿಂದ ಎರಡೇ ಎಳೆ ಎಳೆದು, ಉಫ್ ಎಂದು ಪುಡಿ ಊದಿ, ತಂತಿ ಕೂರಿಸಿ ಮೀಟುತ್ತಾನೆ. ತಲೆಯಲ್ಲಾಡಿಸಿ ಮತ್ತೆ ತಂತಿ ಸರಿಸುತ್ತಾನೆ. ಹೀಗೆ ಎಷ್ಟೋ ಹೊತ್ತು. ಕೊನೆಗೆ ತಂತಿಯ ಕೆಳಗೆ ಹತ್ತಿಯ ದಾರ ತೂರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಎಳೆಯುತ್ತ ಹೋದ. ಅದುವರೆಗೆ ಮೊಂಡಾಗಿದ್ದ ಖರ್ಜದ ತಂತಿ ಒಮ್ಮೆಲೇ ತೆರೆದುಕೊಂಡಿತು. ಆ ಒಂದೇ ತಂತಿಯೊಳಗಿಂದ ಗಾಂಧಾರ ತಾನಾಗಿ ಕೇಳತೊಡಗಿತು. ನನ್ನ ಕಣ್ಣು ತುಂಬಿ ಬಂದವು. ಅಪ್ಪ ಬೆಳಗಿನ ಜಾವ ಕೂತು ಕಾಯುತ್ತಿದ್ದುದು ಇದಕ್ಕೇ.

ಮಿರಜದ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಸಂತೋಷವೇ. ಆದರೆ ಈ ಕೈಗಳು ಉಳಿಯುವುದು ರಿಪೇರಿಗೆ, ಹೊಸದಕ್ಕೆ ಜನ ಬಂದರೆ. ಫೋನಿನಲ್ಲಿ ತಂಬೂರಿ ಹಚ್ಚಿಕೊಂಡು ರಿಯಾಜು ಮಾಡುವವರ ಅನುಕೂಲ ನನಗೆ ಅರ್ಥವಾಗುತ್ತದೆ. ಅಪ್ಪನದಂಥ ವಾದ್ಯ ಮನೆಯಲ್ಲಿಟ್ಟುಕೊಂಡು ನೀನು ಹಾಗೆ ಮಾಡಬಾರದು.

ಬೇಗ ಬಂದರೆ ಛಟ್ಟಿ ಅಮಾವಾಸ್ಯೆಗೆ ಜತ್ತ ತಾಲೂಕಿನ ಗುಡ್ಡಾಪುರಕ್ಕೆ, ದಾನಮ್ಮನ ಜಾತ್ರೆಗೂ ಹೋಗಬಹುದು. ವಿಜಯಪುರ ಕಡೆಯಿಂದ ನಡೆದು ಬರುವವರ ಕನ್ನಡ ಭಜನೆ ದಾರಿಯುದ್ದಕ್ಕೂ ಕೇಳುತ್ತದೆ. ತಡವಾದರೂ ಬೇಸರ ಬೇಡ, ಆಗ ಹೊಲಗಳಲ್ಲಿ ಎಳೆ ಜೋಳದ ಸೀತನಿ ಇರುತ್ತದೆ.

ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಮರುದಿನ ಮಧ್ಯಾಹ್ನ ಇಲ್ಲಿರುತ್ತೀ. ಕೆಳಗಿನ ಬರ್ತ್ ಮಾಡಿಸು. ಹೊರಡುವ ಮೊದಲು ತಂತಿಗಳನ್ನೆಲ್ಲ ಸಡಿಲು ಮಾಡು, ಬುರುಡೆಗೆ ಅಪ್ಪನ ಹಳೆಯ ಧೋತರವನ್ನೇ ಸುತ್ತು, ಯಾರ ಕೈಗೂ ಕೊಡಬೇಡ. ಸ್ಟೇಷನ್ನಿಗೆ ನಿನ್ನ ಭಾವ ಬರುತ್ತಾರೆ.

ನಿನ್ನ ಅಕ್ಕ