ದಿಂಬಂ ಇಳಿಯುವ ಪಿಕಪ್ಪುಗಳು

ತಾಳವಾಡಿಯನ್ನು ನೋಡದ ಓದುಗರಿಗಾಗಿ ಮೊದಲು ಒಂದೆರಡು ಮಾತು. ಭೂಪಟದಲ್ಲಿ ಇದು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದು. ಆದರೆ ಸಂತೆಯಲ್ಲಿ, ಜಗುಲಿಯ ಮೇಲೆ, ಹೊಲದ ಬದುವಿನಲ್ಲಿ ಕಿವಿಗೆ ಬೀಳುವುದು ಕನ್ನಡ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು, ತಾಳವಾಡಿ ಸೀಮೆ ಆಚೆಯೇ ಉಳಿಯಿತು. ವರನಟ ಡಾ. ರಾಜ್‌ಕುಮಾರ್ ಅವರ ದೊಡ್ಡಗಾಜನೂರು ಇರುವುದು ಇಲ್ಲಿಯೇ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಕರೆದೊಯ್ದದ್ದೂ ಇಲ್ಲಿಂದಲೇ. ಆ 108 ದಿನಗಳಲ್ಲಿ ನಮ್ಮ ಊರಿನ ಹೆಸರನ್ನು ಇಡೀ ದೇಶ ಕೇಳಿತು, ಆಮೇಲೆ ಮರೆಯಿತು.

ಮರೆಯದೆ ಉಳಿದವರು ತರಕಾರಿ ವ್ಯಾಪಾರಿಗಳು. ಎಲೆಕೋಸು, ಟೊಮೆಟೊ, ಆಲೂಗಡ್ಡೆ, ಅರಿಸಿನ, ಬಾಳೆ, ಕಬ್ಬು... ಈ ನೆಲ ಕೊಡುವುದೆಲ್ಲ ಎರಡು ದಿಕ್ಕಿಗೆ ಹೋಗುತ್ತದೆ. ಒಂದು ಹತ್ತಿರದ ಚಾಮರಾಜನಗರ, ದಾರಿ ಸಮತಟ್ಟು. ಇನ್ನೊಂದು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಬಣ್ಣಾರಿ, ಸತ್ಯಮಂಗಲ, ಅಲ್ಲಿಂದ ಮುಂದಕ್ಕೆ. ಕಬ್ಬು ಲಾರಿಯಲ್ಲಿ ಹೋಗುತ್ತದೆ. ತರಕಾರಿ ಹೋಗುವುದು ಪಿಕಪ್ಪಿನಲ್ಲಿ. ನಮ್ಮಲ್ಲಿ ಎಷ್ಟೋ ಮನೆಗಳ ಜೀವನ ಸಾಲದಲ್ಲಿ ಕೊಂಡ ಒಂದು ಪಿಕಪ್ಪಿನ ನಾಲ್ಕು ಚಕ್ರಗಳ ಮೇಲೆ ನಿಂತಿದೆ.

ಆದ್ದರಿಂದ ಭಾನುವಾರ ಬಲಿಪೂಜೆ ಮುಗಿದು, ಹೆಂಗಸರು ಮಕ್ಕಳು ಮಾತನಾಡುತ್ತಾ ಹೊರಗೆ ಬರುವಷ್ಟರಲ್ಲಿ ಗಂಡಸರ ಒಂದು ಗುಂಪು ಆಗಲೇ ಮರದ ಕೆಳಗೆ ಸೇರಿರುತ್ತದೆ. ಅಲ್ಲಿನ ಚರ್ಚೆ ರಾಜಕೀಯವಲ್ಲ, ಕ್ರಿಕೆಟ್ಟೂ ಅಲ್ಲ. ಯಾರ ಗಾಡಿ ಎರಡನೇ ಗೇರಿನಲ್ಲಿ ಘಾಟಿ ಏರಿತು, ಯಾರದು ಒಂದನೆಯದಕ್ಕೆ ಇಳಿಯಿತು ಎಂಬುದು! ನಮಗೂ ಅದನ್ನು ಕೇಳುವ ಚಪಲ. ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಹಿರಿಯರ ಮೆಚ್ಚುಗೆ ಹಳೆಯ ಟಾಟಾ 207ಕ್ಕೆ. ಅದರ 2,956 ಸಿ.ಸಿ. ಇಂಜಿನ್ನು ದೊಡ್ಡದು, ಸಾವಧಾನದ್ದು, ಯಾವ ಮೆಕ್ಯಾನಿಕ್ಕಿಗೂ ಬಿಚ್ಚಲು ಬರುವಂಥದ್ದು. ಆದರೆ ಈಗ ಮರದ ಕೆಳಗೆ ನಿಲ್ಲುವವುಗಳಲ್ಲಿ ಹೆಚ್ಚಿನವು ಮಹೀಂದ್ರಾ ಬೊಲೆರೊ ಪಿಕಪ್ಪುಗಳು. ಇವುಗಳ 2,523 ಸಿ.ಸಿ. ಇಂಜಿನ್ನಿಗೊಂದು ಸ್ವಾರಸ್ಯವಾದ ಕುಲಕಥೆ ಇದೆ. ಸಿಲಿಂಡರಿನ ವ್ಯಾಸ 88.9 ಮಿ.ಮೀ., ಪಿಸ್ಟನ್ನಿನ ಓಟ 101.6 ಮಿ.ಮೀ. ಇದೇನು ಇಂಥ ಬಿಡಿಬಿಡಿ ಸಂಖ್ಯೆ ಎಂದು ಕೇಳಬಹುದು. ಅಂಗುಲಕ್ಕೆ ತಿರುಗಿಸಿ ನೋಡಿ: ಮೂರೂವರೆ ಅಂಗುಲ, ನಾಲ್ಕು ಅಂಗುಲ! ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ಕಂಪನಿಯ ಹಳೆಯ ಟ್ರಾಕ್ಟರ್ ಇಂಜಿನ್ನಿನ ಅಳತೆ ಅದು. ಮಹೀಂದ್ರಾದವರು 1963ರಲ್ಲಿ ಆ ಕಂಪನಿಯ ಜೊತೆ ಸೇರಿಯೇ ಟ್ರಾಕ್ಟರ್ ತಯಾರಿಕೆಗೆ ಇಳಿದದ್ದು. ಕಾಮನ್ ರೈಲ್, ಟರ್ಬೋ, ಕಂಪ್ಯೂಟರು ಎಲ್ಲ ಆಮೇಲೆ ಸೇರಿಕೊಂಡವು. ಒಳಗಿನ ಅಳತೆ ಮಾತ್ರ ಉಳುವ ಯಂತ್ರದ್ದೇ. ಉದ್ದ ಓಟದ ಪಿಸ್ಟನ್ನು ಅವಸರಪಡುವುದಿಲ್ಲ, ಕಡಿಮೆ ಸುತ್ತಿನಲ್ಲಿ ಗಟ್ಟಿಯಾಗಿ ಎಳೆಯುತ್ತದೆ. ಸುಮಾರು 75 ಅಶ್ವಶಕ್ತಿ ಎಂದರೆ ಪಟ್ಟಣದ ಹುಡುಗರು ನಕ್ಕಾರು. ಘಾಟಿಯಲ್ಲಿ ಲೆಕ್ಕಕ್ಕೆ ಬರುವುದು ಆ 75 ಅಲ್ಲ, 200 ನ್ಯೂಟನ್ ಮೀಟರಿನ ಆ ಎಳೆತ.

ಕಿರಿಯರ ಪಕ್ಷ ಅಶೋಕ್ ಲೇಲ್ಯಾಂಡ್ ದೋಸ್ತ್. 2011ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಹೊರಬಂತು. ಹೊಸೂರು ಎಂದರೆ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ಊರು, ಹಾಗಾಗಿ ಅದರ ಮೇಲೆ ಒಂದು ತೂಕ ಅಭಿಮಾನ ಹೆಚ್ಚು. ಮೂರೇ ಸಿಲಿಂಡರು, ಸುಮಾರು ಒಂದೂವರೆ ಲೀಟರಿನ ಇಂಜಿನ್ನು. ಡೀಸೆಲ್ ಕಡಿಮೆ ಕುಡಿಯುತ್ತದೆ, ಕ್ಯಾಬಿನ್ನು ನೆಮ್ಮದಿ. 2020ರಲ್ಲಿ ಬಂದ ಬಡಾ ದೋಸ್ತ್ ಅಷ್ಟೇ ಗಾತ್ರದ ಇಂಜಿನ್ನಿನಿಂದ 80 ಅಶ್ವಶಕ್ತಿ ತೆಗೆದಾಗ ಬೊಲೆರೊ ಪಕ್ಷದವರು ಸ್ವಲ್ಪ ಹೊತ್ತು ಮೌನವಾದರು.

ಇನ್ನು 2005ರ ಟಾಟಾ ಏಸ್. ಎರಡು ಸಿಲಿಂಡರು, 702 ಸಿ.ಸಿ., 16 ಅಶ್ವಶಕ್ತಿ. ಇಂಡಿಕಾ ಕಾರಿನ 1,405 ಸಿ.ಸಿ. ಡೀಸೆಲ್ ಇಂಜಿನ್ನನ್ನು ಸರಿಯಾಗಿ ಅರ್ಧ ಮಾಡಿದರೆ ಬರುವುದು ಇದೇ ಲೆಕ್ಕ. ತಮಿಳರು ಇದನ್ನು ಪ್ರೀತಿಯಿಂದ ಕುಟ್ಟಿ ಯಾನೈ ಎನ್ನುತ್ತಾರೆ, ಅಂದರೆ ಮರಿಯಾನೆ. ಊರೊಳಗೆ ಇದಕ್ಕೆ ಸಾಟಿಯಿಲ್ಲ. ಆದರೆ ಟರ್ಬೋ ಇಲ್ಲದ ಇಂಜಿನ್ನು ಎತ್ತರಕ್ಕೆ ಹೋದಂತೆ ಏದುಸಿರು ಬಿಡುತ್ತದೆ. ದಿಂಬಂ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಉದಕಮಂಡಲಕ್ಕೆ ಹೋದರೆ ಇಪ್ಪತ್ತರಷ್ಟು ಕಡಿಮೆ. ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯದು, ಕರಿ ಹೊಗೆ ಬರುತ್ತದೆ. ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೋ ಈ ಕೊರತೆಯನ್ನು ಬಹುಪಾಲು ಮುಚ್ಚುತ್ತದೆ.

ಇಲ್ಲಿಯವರೆಗೆ ಮಾತು ಸೊಗಸು. ಕಿವಿ ನೆಟ್ಟಗಾಗಬೇಕಾದದ್ದು ಗಾಡಿಗೆ 'ಕೆಲಸ ಮಾಡಿಸಿದ' ಕಥೆಗಳು ಶುರುವಾದಾಗ. ಹಳೆಯ ಇಂಜಿನ್ನಿನ ಡೀಸೆಲ್ ಪಂಪಿನ ತಿರುಪು ಏರಿಸಿ ಹೆಚ್ಚು ಎಣ್ಣೆ ಬಿಡಿಸುವುದು ಒಂದು. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ಗಾಡಿಗಳಲ್ಲಿ ಮಸಿ ಹಿಡಿಯುವ ಜಾಲರಿ ತೆಗೆಸುವುದು, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ಹಿಂದಿರುಗಿಸುವ ಕವಾಟವನ್ನು ಮುಚ್ಚಿಸುವುದು ಇನ್ನೊಂದು. ಇದು ಕಾನೂನಿಗೆ ವಿರುದ್ಧ. ಅದಲ್ಲದೆ ಆ ಮಸಿ ಹೋಗಿ ಕೂರುವುದು ಹಿಂದೆ ಸ್ಕೂಟರಿನಲ್ಲಿ ಬರುವವರ ಎದೆಯಲ್ಲಿ. ಆದರೂ ನಮ್ಮ ಕಡೆ ಇವೆಲ್ಲ ಅಪರೂಪ. ಎಲ್ಲರೂ ಮಾಡಿಸುವುದು ಬೇರೆ: ಹಿಂದಿನ ಸ್ಪ್ರಿಂಗಿಗೆ ಎರಡು ಮೂರು ಪಟ್ಟಿ ಸೇರಿಸುವುದು, ಪಕ್ಕದ ತಡಿಕೆಯ ಮೇಲೆ ಹಲಗೆ ಕಟ್ಟಿ ಎತ್ತರಿಸುವುದು. ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಹೇರಲು ಇಷ್ಟು ಸಾಕು.

ಪಟ್ಟಿ ಸೇರಿಸಿದರೆ ಗಾಡಿ ಕುಸಿಯುವುದು ನಿಲ್ಲುತ್ತದೆ ನಿಜ. ಜೊತೆಗೆ, ಭಾರ ಹೆಚ್ಚಾಯಿತೆಂದು ಕಣ್ಣಿಗೆ ಕಾಣುವುದೂ ನಿಲ್ಲುತ್ತದೆ. ಬ್ರೇಕು, ಟಯರು, ಆಕ್ಸಲ್ಲು ಎಲ್ಲ ಹಳೆಯವೇ, ಒಂದೂವರೆ ಟನ್ನಿಗೆಂದು ಅಳೆದು ಮಾಡಿದವು. ಹೀಗೆ ಗಟ್ಟಿ ಮಾಡಿಸಿದ ಗಾಡಿಯನ್ನು ಹೊಗಳುವವರು ಅದು ಏರಿದ ಕಥೆ ಹೇಳುತ್ತಾರೆ. ತರಕಾರಿ ತುಂಬಿದ ಗಾಡಿ ನಮ್ಮ ಊರಿನಿಂದ ಘಾಟಿ ಏರುವುದೇ ಇಲ್ಲವಲ್ಲ, ಇಳಿಯುವುದು!

ಈ ಇಳಿತವನ್ನು ಕಣ್ಣಾರೆ ನೋಡಬೇಕೆಂದು ಒಂದು ಬೆಳಿಗ್ಗೆ ಎಲೆಕೋಸಿನ ಜೊತೆ ನಾವಿಬ್ಬರು ಹೊರಟೆವು. ಹೇರಿದ್ದು 50 ಕಿಲೋದ 30 ಮೂಟೆ, ಅದರಲ್ಲಿ ಹತ್ತು ನಮ್ಮವೇ. ಚಾಲಕರು ಐವತ್ತು ದಾಟಿದವರು, ಮಿತಭಾಷಿ. ಮುಂದಿನ ಗಾಜಿನ ಬಳಿ ವೇಳಾಂಗಣಿ ಮಾತೆ, ಪಕ್ಕದಲ್ಲಿ ಮಾದಪ್ಪ. ಗಾಡಿಯ ಪಾಲುದಾರರು ಇಬ್ಬರಲ್ಲವೇ! ತಲಮಲೆಯ ಕಾಡುದಾರಿ ಬಿಟ್ಟು ಹೆದ್ದಾರಿ ಹಿಡಿದೆವು. ಹಿಂದೆ ಇದಕ್ಕೆ 209 ಎಂಬ ಸಂಖ್ಯೆಯಿತ್ತು, ಈಗ 948. ಕಾರಪಳ್ಳಂ ಚೆಕ್‌ಪೋಸ್ಟಿನ ಆಸುಪಾಸಿನಲ್ಲಿ ಆನೆಗಳು ಕಬ್ಬಿನ ಲಾರಿಗೆ ಕಾದು ನಿಲ್ಲುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅಂದೂ ಒಂದು ತಾಯಿ, ಒಂದು ಮರಿ. ಎಲೆಕೋಸಿನ ವಾಸನೆಗೆ ಸೊಂಡಿಲು ಎತ್ತಿದ ತಾಯಿ, ಯಾಕೋ ಬೇಡವೆಂದು ಬಿಟ್ಟಿತು. ಚಾಲಕರು ಹಾರನ್ ಮಾಡಲಿಲ್ಲ, ಇಂಜಿನ್ ನಿಲ್ಲಿಸಲೂ ಇಲ್ಲ, ಸುಮ್ಮನೆ ಕಾದರು.

ಆಸನೂರು ದಾಟಿ ದಿಂಬಂ ತಲುಪಿದೊಡನೆ ಒಂದು ನಿಮಿಷ ನಿಲ್ಲಿಸಿ ಚಕ್ರಗಳನ್ನು ಸುತ್ತಿ ಬಂದರು. ಮೊದಲ ತಿರುವಿಗೆ ಮುಂಚೆಯೇ ಗಾಡಿಯನ್ನು ಎರಡನೇ ಗೇರಿಗೆ ತಂದರು. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬುದು ಘಾಟಿಯ ಹಳೆಯ ನಿಯಮ. ಕೆಳಗೆ ಸತ್ಯಮಂಗಲದ ಬಯಲು ಮಂಜಿನಲ್ಲಿ ಹರಡಿಕೊಂಡಿತ್ತು. ನಮ್ಮನ್ನು ಹಿಂದಿಕ್ಕಿ ಒಂದು ಪಿಕಪ್ಪು ಸದ್ದೇ ಇಲ್ಲದೆ ಜಾರಿಹೋಯಿತು. "ನ್ಯೂಟ್ರಲ್ಲು" ಎಂದರು ಚಾಲಕರು. ಅಂದು ಘಾಟಿಯಲ್ಲಿ ಅವರು ಆಡಿದ ಒಂದೇ ಮಾತು.

ಎಣ್ಣೆ ಉಳಿಸಲು ಹಾಗೆ ಮಾಡುತ್ತಾರೆ. ಉಳಿಯುವುದಿಲ್ಲ! ಕಾಮನ್ ರೈಲ್ ಇಂಜಿನ್ನು ಗೇರಿನಲ್ಲಿದ್ದು ಇಳಿಜಾರಿನಲ್ಲಿ ತಾನಾಗಿ ತಿರುಗುತ್ತಿರುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಡೀಸೆಲ್ ಹರಿವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ನಿಂತಲ್ಲೇ ತಿರುಗಲು ಅದಕ್ಕೆ ಎಣ್ಣೆ ಬೇಕು. ಅಂದರೆ ಉಳಿಸಹೊರಟವರೇ ಸುಡುತ್ತಿರುತ್ತಾರೆ. ಕೀಲಿ ತಿರುಗಿಸಿ ಇಂಜಿನ್ನನ್ನೇ ಆರಿಸುವವರೂ ಉಂಟು. ಅದು ಇನ್ನೂ ಘೋರ. ಬ್ರೇಕಿಗೆ ಬಲ ಕೊಡುವ ನಿರ್ವಾತ ಪಂಪು ಇಂಜಿನ್ನಿನ ಜೊತೆ ತಿರುಗುವಂಥದ್ದು, ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲು ಕಲ್ಲಾಗುತ್ತದೆ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಲೆಕ್ಕ ಮಾಡಿಸಿ ನೋಡಿ. ಗಾಡಿ, ಸರಕು ಸೇರಿ 3 ಟನ್. ಅದು 100 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಸುಮಾರು 29 ಲಕ್ಷ ಜೂಲ್. ಅಷ್ಟರಲ್ಲಿ ಒಂಬತ್ತು ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ಟನ್ ಹೆಚ್ಚಿಗೆ ಹೇರಿದರೆ ಹನ್ನೆರಡು ಲೀಟರ್. ಇದು ಪ್ರತಿ 100 ಮೀಟರಿಗೆ; ಘಾಟಿಯಲ್ಲಿ ಇಂಥ ನೂರುಗಳು ಹಲವು. ಈ ಕಾವು ಎಲ್ಲಿಗಾದರೂ ಹೋಗಲೇಬೇಕಲ್ಲ? ಗೇರಿನಲ್ಲಿದ್ದರೆ ದೊಡ್ಡ ಪಾಲನ್ನು ಇಂಜಿನ್ನು ನುಂಗುತ್ತದೆ. ನ್ಯೂಟ್ರಲ್ಲಿನಲ್ಲಿದ್ದರೆ ಪೂರ್ತಿ ಬ್ರೇಕಿಗೆ. ಮೊದಲು ಲೈನರು ಹೊತ್ತಿದ ವಾಸನೆ, ಆಮೇಲೆ ಹಿಡಿತ ಸಡಿಲು. ಬ್ರೇಕಿನ ಎಣ್ಣೆಯೇ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹಲಗೆ ಕಟ್ಟಿ ಎತ್ತರಿಸಿದ ಭಾರ ಆಗ ತಿರುವಿನಲ್ಲಿ ತನ್ನ ಕೆಲಸ ಮಾಡುತ್ತದೆ.

ಅವಸರಕ್ಕೆ ಕಾರಣವೂ ಇದೆಯೆನ್ನಿ. 2013ರಲ್ಲಿ ಈ ಕಾಡು ಹುಲಿ ಮೀಸಲು ಪ್ರದೇಶವಾಯಿತು. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ರೈತರು ಬೀದಿಗಿಳಿದರು, ಮುಂದೆ ಕೆಲವು ಸಡಿಲಿಕೆಗಳೂ ಆದವು. ಪ್ರಾಣಿಗಳ ಜೀವವೂ ಜೀವವೇ, ನಿರ್ಬಂಧವನ್ನು ನಾವು ಹಳಿಯುವುದಿಲ್ಲ. ಆದರೆ ಮಧ್ಯಾಹ್ನ ಕಿತ್ತ ಟೊಮೆಟೊ ಕತ್ತಲಿಗೆ ಮುನ್ನ ಬಣ್ಣಾರಿ ದಾಟಬೇಕು ಎಂಬ ಧಾವಂತದಲ್ಲಿ ಎರಡು ಸಲದ ಸರಕನ್ನು ಒಂದೇ ಸಲಕ್ಕೆ ಹೇರುವುದು ಹೆಚ್ಚಾಯಿತು. ಒಂದು ಗಾಡಿಯದನ್ನು ಇಬ್ಬರು ರೈತರು ಸೇರಿ ಎರಡು ಗಾಡಿಗೆ ಹಂಚಿ, ಬೆಳಿಗ್ಗೆಯೇ ಹೊರಡಿಸುವ ಏರ್ಪಾಡು ನಮ್ಮ ಕೆಲವು ಹಳ್ಳಿಗಳಲ್ಲಿದೆ. ಬಾಡಿಗೆ ತುಸು ಹೆಚ್ಚು ಬೀಳುತ್ತದೆ. ಅದು ದುಬಾರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆವು. ಮೂಟೆಗಳ ಮೇಲೆ ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೋಗುವ ಪಿಕಪ್ಪುಗಳನ್ನು ನಾವೆಲ್ಲ ದಿನವೂ ನೋಡುತ್ತೇವೆ, ಕೈಬೀಸಿ ನಗುತ್ತೇವೆ. ಸರಕಿನ ಒಡೆಯನೋ ಆತನ ಪ್ರತಿನಿಧಿಯೋ ಸರಕಿನೊಡನೆ ಹೋದರೆ 1994ರ ತಿದ್ದುಪಡಿಯ ನಂತರ ವಿಮೆಯ ರಕ್ಷಣೆ ಉಂಟು. ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿದೆ. ಏನಾದರೂ ಆದರೆ ಆ ತಾಯಂದಿರ ಮನೆಗೆ ಪರಿಹಾರ ಬರಬೇಕಾದದ್ದು ಗಾಡಿಯ ಮಾಲೀಕನ ಕೈಯಿಂದ, ಅಂದರೆ ಸಾಲದ ಕಂತು ಕಟ್ಟುತ್ತಿರುವ ಇನ್ನೊಂದು ಬಡಮನೆಯಿಂದ. ಮರದ ಕೆಳಗಿನ ಚರ್ಚೆಯಲ್ಲಿ ಈ ಮಾತು ಇನ್ನೂ ಒಂದು ಸಲವೂ ಬಂದಿಲ್ಲ.

ಬಣ್ಣಾರಿ ತಲುಪಿದಾಗ ಗಂಟೆ ಒಂಬತ್ತೂವರೆ. ಚಾಲಕರು ಇಳಿದು ಹಿಂದಿನ ಚಕ್ರದ ಬಳಿ ಕೈಯಿಟ್ಟು, ಮುಟ್ಟದೆ, ಕಾವು ನೋಡಿದರು. ನೀರು ಸುರಿಯಲಿಲ್ಲ, ಕಾದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಅದು ಸೀಳಬಹುದಂತೆ. ಸ್ವಲ್ಪ ದೂರದಲ್ಲಿ, ನಮ್ಮನ್ನು ಹಿಂದಿಕ್ಕಿದ ಪಿಕಪ್ಪು ಚಕ್ರದಿಂದ ಹೊಗೆಯಾಡುತ್ತಾ ನಿಂತಿತ್ತು. ಅದರ ಹುಡುಗ ನಗುತ್ತಾ ಬಂದು ನಮ್ಮ ಗಾಡಿಯ ಬಾನೆಟ್ ತಟ್ಟಿ, "ಅಣ್ಣಾ, ನಿಮ್ಮದು ಎಷ್ಟನೇ ಮಾಡೆಲ್ಲು?" ಎಂದು ಕೇಳಿದ. ಚಾಲಕರು ಅವನನ್ನು ಚಹಾದ ಅಂಗಡಿಗೆ ಕರೆದುಕೊಂಡು ಹೋದರು. ಅರ್ಧ ಗಂಟೆ ಕೂತು ಏನೋ ಹೇಳಿದರು. ಸತ್ಯಮಂಗಲದ ಸಂತೆಗೆ ನಾವು ಅಷ್ಟು ತಡವಾಗಿಯೇ ಹೋದೆವು.