ಅಂಗಳದಲ್ಲಿ ಕೂಸು

ನವೆಂಬರ್ 11, 2024, ಸೋಮವಾರ

ಅಡಿಕೆಯ ಕೊನೆಕೊಯ್ಲು ಶುರು. ಮಗ ಭದ್ರಾವತಿ ಆಫೀಸಿಗೆ ರಜೆ ಹಾಕಿ ಬಂದಿದ್ದಾನೆ. ಸೊಸೆಗೆ ರಜೆಯಿಲ್ಲ. ಬೆಳಿಗ್ಗೆ ಎಂಟರ ಬಸ್ಸಿಗೆ ಶಿವಮೊಗ್ಗ, ವಾಪಸು ಬರುವಾಗ ದೀಪ ಹಚ್ಚುವ ಹೊತ್ತು.

ಸಂಜೆ ಕೂಸು ಜಗಲಿ ಮೆಟ್ಟಿಲು ಹತ್ತುತ್ತಿತ್ತು. ಸೊಸೆ ಹೆಗಲ ಬ್ಯಾಗು ಕೂಡ ಇಳಿಸದೆ ಬಂದು ಅದರ ಬೆನ್ನ ಹಿಂದೆ ಕೈಯಿಟ್ಟಳು. ಮುಟ್ಟಲಿಲ್ಲ, ಇಟ್ಟಳು ಅಷ್ಟೆ. ಮಗ ಗೊನೆ ಎಣಿಸುತ್ತ ಅಲ್ಲಿಂದಲೇ, "ಬಿಡು, ಬಿದ್ರೆ ಗೊತ್ತಾಗುತ್ತೆ."

"ಗೊತ್ತಾಗೋದು ಬೇಡ."

ಇಬ್ಬರೂ ನನ್ನ ಮುಖ ನೋಡಿದರು. ಹಾಲು ಉಕ್ಕುತ್ತಿದೆ ಎಂದು ಒಳಗೆ ಬಂದೆ. ಹಾಲು ಇನ್ನೂ ಒಲೆಗೇ ಇಟ್ಟಿರಲಿಲ್ಲ.

ನವೆಂಬರ್ 14, ಗುರುವಾರ

ಲಸಿಕೆಯ ದಿನ. ಹದಿನಾರು ತಿಂಗಳು ತುಂಬಿತು. ದಡಾರ-ರುಬೆಲ್ಲಾ ಎರಡನೆಯದು, ಡಿಪಿಟಿ ಬೂಸ್ಟರ್, ಪೋಲಿಯೊ ಹನಿ. ಮಗನೇ ಎತ್ತಿಕೊಂಡು ಹೊರಟ. ಜೊತೆಗೆ ನಾನು. ಬೆಂಚಿನ ತುಂಬ ಹೆಂಗಸರು.

"ತಾಯಿ ಬರ್ಲಿಲ್ವಾ?" ಸಿಸ್ಟರ್ ಕೇಳಿದ್ದು ನನ್ನನ್ನು. ಹೋದ ಸಲ ಜ್ವರ ಬಂದಿತ್ತಾ, ಅದೂ ನನ್ನನ್ನೇ. ಉತ್ತರ ಹೇಳಿದ್ದು ಅವನು. ತಾಯಿ ಕಾರ್ಡಿನ ಪುಟವೆಲ್ಲ ಅವನ ಫೋನಿನಲ್ಲೂ ಇದೆ.

ಸೂಜಿ ಚುಚ್ಚುವಾಗ ಉಳಿದವರೆಲ್ಲ ಕೂಸಿನ ಮುಖವನ್ನು ಎದೆಗೆ ಒತ್ತಿಕೊಂಡರು. ಇವನು ಸೂಜಿಯ ಕಡೆಗೇ ತಿರುಗಿಸಿ, "ನೋಡು, ಈಗ ಚುಚ್ತಾರೆ" ಅಂದ. ಪಕ್ಕದವಳು ಕಟುಕನನ್ನು ನೋಡಿದ ಹಾಗೆ ನೋಡಿದಳು. ಅಳು ಕಡಿಮೆಯಾಯಿತೋ ಇಲ್ಲವೋ ಹೇಳಲಾರೆ. ಅಲ್ಲಿ ಎಲ್ಲ ಕೂಸುಗಳೂ ಅಳುತ್ತಿದ್ದವು.

ನವೆಂಬರ್ 15, ನಸುಕು ಎರಡೂವರೆ

ಕೂಸಿಗೆ ಮೈ ಬಿಸಿ. ಅಳು ಕೇಳುವ ಮೊದಲೇ ಗೋಡೆಯಾಚೆ ಸೊಸೆಯ ಬಳೆ ಸದ್ದು. ಆಮೇಲೆ ಅಳು. ಮಗನ ಗೊರಕೆ ಹಾಗೆಯೇ ಸಾಗಿತ್ತು.

ಸ್ವಲ್ಪ ಹೊತ್ತಿಗೆ ತ್ರೀ ಫೇಸ್ ಕರೆಂಟು ಬಂತು. ಪಂಪಿನ ಸ್ಟಾರ್ಟರ್ ಟಕ್ ಅಂದಿತು, ಅದೂ ತೋಟದಾಚೆ. ಗೊರಕೆ ನಿಂತಿತು. ಬ್ಯಾಟರಿ ಹಿಡಿದು ಹೊರಗೆ ಹೋದ.

ಕಿವಿಯಲ್ಲಿ ದೋಷವಿಲ್ಲ.

ನವೆಂಬರ್ 19, ಮಂಗಳವಾರ

ಸುಲಿಯುವವರು ಬಂದರು. ಸಂಜೆಯಿಂದ ಚಪ್ಪರದಡಿ ಸಾಲಾಗಿ ಮೆಟ್ಟುಗತ್ತಿ. ಒಬ್ಬಳು ಎಂಟು ತಿಂಗಳಿನದನ್ನು ತಂದಿದ್ದಾಳೆ. ಚಪ್ಪರದ ಗಳಕ್ಕೆ ಸೀರೆ ಜೋಲಿ ಕಟ್ಟಿ, ಅದರ ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಳು. ಒಂದು ಕಾಲು ಮಣೆಯ ಮೇಲೆ, ಇನ್ನೊಂದು ಕಾಲಿನಲ್ಲಿ ಜೋಲಿ. ಕೈ ಕತ್ತಿಯಲ್ಲಿ. ಬಾಯಿ ಪಕ್ಕದವಳ ಜೊತೆ. ತಿರುಗಿ ನೋಡಿದ್ದನ್ನು ನಾನು ಕಾಣಲಿಲ್ಲ. ಹಗ್ಗದ ಎಳೆತದಲ್ಲೇ ಕೂಸು ಎದ್ದದ್ದು ತಿಳಿಯುತ್ತದೆ ಅವಳಿಗೆ.

ಗಂಡ ಹಂಡೆಯ ಒಲೆಗೆ ಸೌದೆ ತುಂಬುತ್ತಿದ್ದ. ಅವನಿಗೂ ಕೂಸಿನ ಚಿಂತೆ ಇಲ್ಲದಿಲ್ಲ. ನಡುನಡುವೆ ಬಂದು ಗಳದ ಗಂಟು ಎಳೆದು ನೋಡುತ್ತಿದ್ದ. ಜೋಲಿಯೊಳಗೆ ಇಣುಕಲಿಲ್ಲ. ಗಂಟು ಮಾತ್ರ.

ಇದನ್ನು ಬರೆದಿಡಬೇಕು ಅನ್ನಿಸಿತು. ಯಾಕೋ.

ನವೆಂಬರ್ 24, ಭಾನುವಾರ

ತೋಟದಿಂದ ಬಂದ ಕೂಡಲೇ ಸೊಸೆ ಕೂಸಿನ ಬಟ್ಟೆ ಬಿಚ್ಚಿ ಕಿವಿಯ ಹಿಂದೆ, ಮಂಡಿಯ ಸಂದಿ, ಕಂಕುಳು ಎಲ್ಲ ಹುಡುಕುತ್ತಾಳೆ. ಉಣುಗಿನ ಭಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ, ಉಣುಗು ಹರಡುವ ಮಂಗನ ಕಾಯಿಲೆ. ಮಂಗ ಸತ್ತ ಸುದ್ದಿ ಬಂದರೆ ಇವತ್ತಿಗೂ ಈ ಕಡೆಯವರ ಎದೆ ಧಸಕ್ಕೆನ್ನುತ್ತದೆ. ಮಗ ದರಗು ಗುಡಿಸಿ ದಾರಿ ಮಾಡಿದ್ದಾನೆ. ದನ ಆ ಕಡೆ ಸುಳಿಯದಂತೆ ಬೇಲಿ ಹಾಕಿದ್ದಾನೆ. ಮೈ ಹುಡುಕುವುದು ಅತಿಯಾಯಿತು ಅನ್ನುತ್ತಾನೆ. ಬೇಲಿ ನಂಬಿ ಕೂರೋಕಾಗುತ್ತಾ ಅನ್ನುತ್ತಾಳೆ.

ನಮ್ಮ ಯಜಮಾನರು ನಡುವೆ ಬಾಯಿ ಹಾಕಿದರು. ಹಳೆಯ ಮ್ಯಾಂಗನೀಸ್ ಗಣಿಗುಂಡಿಯಲ್ಲಿ ಮಳೆನೀರು ನಿಂತಾಗ ಆ ದಿಕ್ಕಿಗೇ ಹೋಗಬೇಡ ಎಂದು ಅವ್ವ ಬೆತ್ತ ಹಿಡಿದು ನಿಲ್ಲುತ್ತಿದ್ದಳಂತೆ. ಅಪ್ಪ ಈಜು ಕಲಿಸಿದ್ದು ಅದೇ ಗುಂಡಿಯಲ್ಲಿ. "ಇಬ್ಬರೂ ಸರಿ" ಎಂದು ಪೇಪರಿಗೆ ಮರಳಿದರು. ನಲವತ್ತು ವರ್ಷದಿಂದ ಇವರ ತೀರ್ಪು ಇದೇ.

ನವೆಂಬರ್ 26, ಮಂಗಳವಾರ

ಊಟದ ಹೊತ್ತಿಗೆ ಮಗ ಫೋನಿನಲ್ಲಿ ಓದಿದ. ಮಧ್ಯ ಆಫ್ರಿಕಾದ ಕಾಡಿನಲ್ಲಿ ಅಕಾ ಎಂಬ ಜನ. ಬ್ಯಾರಿ ಹ್ಯೂಲೆಟ್ ಎಂಬ ಮಾನವಶಾಸ್ತ್ರಜ್ಞ ಅವರ ಜೊತೆಗಿದ್ದು ಲೆಕ್ಕ ಹಾಕಿದನಂತೆ. ಅಲ್ಲಿಯ ಅಪ್ಪಂದಿರು ದಿನದ ಶೇಕಡಾ 47ರಷ್ಟು ಹೊತ್ತು ಕೂಸನ್ನು ಎತ್ತಿಕೊಂಡೋ ಕೈಗೆಟುಕುವಷ್ಟು ಹತ್ತಿರವೋ ಇರುತ್ತಾರೆ.

"ಅವರೇನು ಕೆಲಸ ಮಾಡ್ತಾರೆ?" ಸೊಸೆ ಕೇಳಿದಳು.

ಗಂಡ ಹೆಂಡತಿ ಒಟ್ಟಿಗೇ ಬಲೆ ಹಾಕಿ ಬೇಟೆಯಾಡುತ್ತಾರಂತೆ.

ಹಾಗಾದರೆ ಸರಿ. ಇಲ್ಲಿ ಒಟ್ಟಿಗೆ ದುಡಿಯುವುದು ಕೊಯ್ಲಿನಲ್ಲಿ. ಅಲ್ಲೂ ಕೊಯ್ಯುವವನು ಮರದ ಮೇಲೆ, ಸುಲಿಯುವವಳು ನೆಲದ ಮೇಲೆ. ಕೂಸು ನೆಲದವಳ ಪಾಲಿಗೆ ಬರುತ್ತದೆ.

ಡಿಸೆಂಬರ್ 3, ಮಂಗಳವಾರ

ಸೊಸೆಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ತರಬೇತಿ, ಶುಕ್ರವಾರದವರೆಗೆ. ಕೂಸನ್ನು ಬಿಟ್ಟು ರಾತ್ರಿ ಕಳೆಯುವುದು ಇದೇ ಮೊದಲು. ಹೋಗುವಾಗ ಅಳಲಿಲ್ಲ. ಅಡುಗೆಮನೆ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು, ಎರಡೂ ಬದಿ ಬರೆದದ್ದು. ಅಂಟಿಸಿದ ಮೇಲೆ ಹಿಂಬದಿ ಓದುವುದು ಹೇಗೆ?

ಡಿಸೆಂಬರ್ 4, ಬುಧವಾರ, ಬೆಳಿಗ್ಗೆ

ರಾತ್ರಿ ಕೂಸು ಅಳಲೇ ಇಲ್ಲ. ಮಗ್ಗುಲಾದಾಗಲೆಲ್ಲ ಮಗನ ದನಿ ಕೇಳುತ್ತಿತ್ತು. ಏನೋ ಗುನುಗು. ತ್ರೀ ಫೇಸ್ ಬಂತು, ಹೋಯಿತು. ಅವನು ಏಳಲಿಲ್ಲ.

ಅದೇ ದಿನ, ಸಂಜೆ

ಕೂಸು ಮೆಟ್ಟಿಲ ಹತ್ತಿರ ಹೋಯಿತು. ಮಗ ಓಡಿ ಬಂದು ಎತ್ತಿಕೊಂಡ. "ಬಿದ್ರೆ ಗೊತ್ತಾಗುತ್ತೆ ಅಂತಿದ್ದೆ?" ಅಂದೆ. "ಅವಳಿಲ್ವಲ್ಲಮ್ಮ" ಅಂದ.

ಅವಳಿಲ್ಲ ಅನ್ನುವುದಕ್ಕೂ ಮೆಟ್ಟಿಲಿನ ಎತ್ತರಕ್ಕೂ ಏನು ಸಂಬಂಧ?

ಯೋಚಿಸಿದಷ್ಟೂ ಬಾಣಂತನದ ದಿನಗಳೇ ನೆನಪಿಗೆ ಬರುತ್ತವೆ. ಸೊಸೆಗೆ ಸರ್ಕಾರ ಕೊಟ್ಟದ್ದು 180 ದಿನ ರಜೆ, ಮಗನಿಗೆ 15. ಅವಳು ಸಾಗರದ ತವರಿನಲ್ಲಿ. ಇವನು ಭಾನುವಾರ ಭಾನುವಾರ ಸೇಬು ಮೂಸಂಬಿ ಹಿಡಿದು ಹೋಗಿ, ಬೀಗರ ಮನೆಯ ಕುರ್ಚಿಯಲ್ಲಿ ಕೂತು, ಯಾರಾದರೂ ಮಡಿಲಿಗೆ ಹಾಕಿದರೆ ಎತ್ತಿಕೊಂಡು ಬರುತ್ತಿದ್ದ. ಸ್ವಂತ ಕೂಸಿಗೆ ನೆಂಟ. ಅವನ ಆ 15 ದಿನವೂ ನಾಮಕರಣದ ಶಾಮಿಯಾನ, ಅಡುಗೆಯವರು, ಪಾತ್ರೆ ಬಾಡಿಗೆ ಅಂತ ತಿರುಗುವುದರಲ್ಲೇ ಮುಗಿಯಿತು. ಅದನ್ನೆಲ್ಲ ವಹಿಸಿದವರು ನಾವೇ. ಆ ತಿಂಗಳುಗಳಲ್ಲಿ ಸೊಸೆಯ ಕಿವಿ ಕಲಿತದ್ದನ್ನು ಅವನು ಎಲ್ಲಿ ಕಲಿಯಬೇಕಿತ್ತು?

ಆದರೂ ನಿನ್ನೆ ಒಂದೇ ರಾತ್ರಿಗೆ ಬಂತಲ್ಲ. ಹಾಗಾದರೆ ಕಲಿಯುವುದೇನೂ ಇರಲಿಲ್ಲವೇ? ಗೊತ್ತಾಗುತ್ತಿಲ್ಲ.

ಡಿಸೆಂಬರ್ 6, ಶುಕ್ರವಾರ, ರಾತ್ರಿ

ಸೊಸೆ ಬಂದಳು. ಕೂಸು ಅವಳನ್ನು ನೋಡಿ ಮೊದಲು ಅಪ್ಪನ ಕುತ್ತಿಗೆಯಲ್ಲೇ ಮುಖ ಹುದುಗಿಸಿತು. ಸೊಸೆ ನಕ್ಕಳು. ನಂತರ ಬಚ್ಚಲಿಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಇವನಿಗೂ ಹೆಮ್ಮೆಪಡಬೇಕೋ ಬೇಡವೋ ತಿಳಿಯದೆ ಚೀಟಿ ಕಿತ್ತು ತಂದು ಅವಳ ಮುಂದೆ ಹಿಡಿದ: "ಹಿಂಬದಿ ಈಗ ಓದ್ದೆ. ಎಲ್ಲ ಮಾಡಿದೀನಿ."

ಡಿಸೆಂಬರ್ 7, ಶನಿವಾರ

ನಿನ್ನೆ ರಾತ್ರಿ ಮತ್ತೆ ಬಳೆ ಸದ್ದು, ಮತ್ತೆ ಗೊರಕೆ.

ಇವರಿಗೆ ಹೇಳಿದೆ. "ನೀನಿದ್ದೆಯಲ್ಲ ಅಂತ ನಾನೂ ನಿದ್ದೆ ಮಾಡ್ತಿದ್ದೆ" ಅಂದರು, ಏನೂ ವಿಶೇಷವಲ್ಲ ಎಂಬಂತೆ. ಆ ಕಾಲದಲ್ಲಿ ನಾನು ಕೂಸನ್ನು ಇವರ ಬಳಿ ಬಿಟ್ಟು ಒಂದು ರಾತ್ರಿಯಾದರೂ ಎಲ್ಲಿಗಾದರೂ ಹೋಗಿದ್ದೆನೇ? ಎಷ್ಟು ನೆನೆದರೂ ಒಂದೂ ಸಿಗಲಿಲ್ಲ. ಇವರನ್ನು ಕೇಳಲಿಲ್ಲ. ಯಾರು ಕರೆದಿದ್ದರು, ಎಲ್ಲಿಗೆ ಹೋಗಬೇಕಿತ್ತು?

ಡಿಸೆಂಬರ್ 8, ಭಾನುವಾರ

ಹಂಡೆ ಒಲೆಗೂ ಅಂಗಳಕ್ಕೂ ನಡುವೆ ಗೇಟು ಮಾಡಿಸುವುದು ನಿರ್ಧಾರವಾಯಿತು. ಬಡಗಿ ಬಂದು ಅಳತೆ ಕೇಳಿದ. ಸೊಸೆ ಎದೆಯೆತ್ತರ ಅಂದಳು. ಮಗ, ಎಷ್ಟೆತ್ತರ ಮಾಡಿದರೂ ಹತ್ತುತ್ತೆ, ಅಡ್ಡಪಟ್ಟಿ ಇರಬಾರದು, ಉದ್ದಪಟ್ಟಿಯೇ ಇರಲಿ ಅಂದ. ಎರಡೂ ಒಟ್ಟಿಗೆ ಮಾಡಿದರೆ ಮರ ಜಾಸ್ತಿ ಆಗುತ್ತೆ ಎಂದು ಬಡಗಿ ತಲೆ ಕೆರೆದುಕೊಂಡ. ಇವರು ಪೇಪರಿನ ಹಿಂದಿನಿಂದ "ಇಬ್ಬರೂ ಸರಿ" ಅಂದರು.

ಬುಧವಾರ ಬರುತ್ತಾನಂತೆ. ಅಳತೆ ಇನ್ನೂ ಕೊಟ್ಟಿಲ್ಲ.