ಕಬಿನಿಯಲ್ಲಿ ಬಾಲ ಹುಡುಕಿ

ಕಬಿನಿ ಸಫಾರಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ‘ಏನೂ ಸಿಗಲಿಲ್ಲ ಗುರು’ ಅನ್ನೋರೇ ಜಾಸ್ತಿ. ಜಿಂಕೆ, ಕಾಟಿ, ಮರಿ ಕಟ್ಟಿಕೊಂಡು ನಿಂತ ಆನೆ, ಎಲ್ಲಾ ಆ ‘ಏನೂ’ ಒಳಗೇ ಸೇರಿಹೋಗಿರುತ್ತೆ!

ಹಿಂದೊಂದು ಬೇಸಿಗೆಯಲ್ಲಿ ದಮ್ಮನಕಟ್ಟೆಯಿಂದ ನಮ್ಮ ಬಸ್ ನಾಗರಹೊಳೆ ಕಾಡಿಗೆ ಇಳಿಯಿತು. ಮೊದಲ ಕಾಲು ಗಂಟೆ ಎಲ್ಲರ ಕಣ್ಣೂ ಕಿಟಕಿಯಾಚೆಗೇ. ಆಮೇಲೆ ಆಕಳಿಕೆ, ಆಫೀಸಿನ ಮಾತು. ‘ಇವತ್ತು ಕಾಣಲ್ಲ ಬಿಡಿ’ ಎಂದು ಹಿಂದಿನ ಸೀಟಿನಿಂದ ಯಾರೋ ಅಂದದ್ದೇ ತಡ, ಇಡೀ ಬಸ್ಸೇ ಕಾಡು ನೋಡುವುದನ್ನು ಬಿಟ್ಟಿತು.

ಇದು ಬರೀ ಸೋಮಾರಿತನ ಅಲ್ಲ. ಅಮೆರಿಕದ ಮನೋವಿಜ್ಞಾನಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಗಿಜಿಗಿಜಿ ಚಿತ್ರಗಳಲ್ಲಿ ಒಂದು ವಸ್ತು ಹುಡುಕಬೇಕು, ಅಷ್ಟೇ. ಅರ್ಧದಷ್ಟು ಚಿತ್ರಗಳಲ್ಲಿ ವಸ್ತು ಇದ್ದಾಗ ಜನರ ಕಣ್ತಪ್ಪಿದ್ದು ಶೇ 7ರಷ್ಟು. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಶೇ 30! ‘ಇರಲಿಕ್ಕಿಲ್ಲ’ ಅಂತ ಮನಸ್ಸು ತೀರ್ಮಾನಿಸಿದರೆ ಕಣ್ಣು ಬೇಗ ಕೈಚೆಲ್ಲುತ್ತೆ. ಅದಕ್ಕೇ ಏರ್‌ಪೋರ್ಟ್‌ಗಳಲ್ಲಿ ಬ್ಯಾಗ್ ತಪಾಸಣೆ ಮಾಡುವವರ ಪರದೆಗೆ ಆಗಾಗ ಸುಳ್ಳು ಬಂದೂಕು, ಚಾಕುಗಳ ಚಿತ್ರ ತೂರಿಸುವ ಪದ್ಧತಿ ಇದೆ. ಅಪರೂಪದ್ದನ್ನು ಕಾಯುವ ಕಣ್ಣು ಮಂಕಾಗಬಾರದಲ್ಲ.

ಕಾಡಿನಲ್ಲಿ ಆ ಕೆಲಸ ಜಿಂಕೆಗಳದ್ದು. ಲಂಟಾನ ಪೊದೆಗಳ ಆಚೆ ಒಂದು ಜಿಂಕೆ ಚುರುಕಾಗಿ ಕೂಗಿತು, ಮರದ ಮೇಲಿನ ಮುಸುವವೂ ದನಿಗೂಡಿಸಿತು. ‘ಕಾಲ್ ಬಂತು’ ಅಂದ ಡ್ರೈವರ್ ಇಂಜಿನ್ ಆರಿಸಿದರು. ಅಷ್ಟು ಹೊತ್ತು ತೂಕಡಿಸುತ್ತಿದ್ದವರಿಗೆ ಈಗ ಎಲ್ಲೆಲ್ಲೂ ಹುಲಿ! ಒಬ್ಬರಿಗೆ ಹುತ್ತ ಹುಲಿಯಾಯಿತು, ಇನ್ನೊಬ್ಬರಿಗೆ ಒಣಗಿದ ಕೊರಡೇ ಚಿರತೆ. ನಿರೀಕ್ಷೆ ಹೆಚ್ಚಾದರೂ ಕಷ್ಟವೇ ನೋಡಿ, ಇಲ್ಲದ್ದೂ ಕಾಣೋಕೆ ಶುರುವಾಗುತ್ತೆ.

ಡ್ರೈವರ್ ಮಾತ್ರ ಒಂದು ಕಡೆಯಿಂದ ಮರಗಳ ಕೊಂಬೆಗಳನ್ನೇ ನಿಧಾನವಾಗಿ ನೋಡುತ್ತಾ ಹೋದರು. ‘ಇಡೀ ಚಿರತೆ ಹುಡುಕ್ಬೇಡಿ ಸಾರ್, ಯಾವತ್ತೂ ಸಿಗಲ್ಲ. ಬಾಲ ಹುಡುಕಿ, ಕಿವಿ ಹುಡುಕಿ. ಕೊಂಬೆಯಿಂದ ನೆಟ್ಟಗೆ ಕೆಳಕ್ಕೆ ಏನಾದ್ರೂ ನೇತಾಡ್ತಿದ್ರೆ ಹೇಳಿ’ ಅಂದರು. ನನಗಂತೂ ಇದು ಪ್ರಯೋಗಾಲಯದ ಅಂಕಿಗಳಿಗಿಂತ ಉಪಯೋಗಕ್ಕೆ ಬಂತು.

ಐದು ನಿಮಿಷ, ಹತ್ತು ನಿಮಿಷ. ನಮ್ಮ ಪಕ್ಕ ನಿಂತಿದ್ದ ಇನ್ನೊಂದು ಬಸ್ಸಿನವರು ಬೇಸರಪಟ್ಟು ಹೊರಟರು. ನಮ್ಮಲ್ಲೂ ಗೊಣಗಾಟ ಎದ್ದಿತು. ಡ್ರೈವರ್ ಕೀಲಿ ಮುಟ್ಟಲಿಲ್ಲ.

ಮತ್ತಿ ಮರದ ಕವಲಿನಿಂದ ಇಳಿಬಿದ್ದಿದ್ದ ಬಳ್ಳಿಯ ತುದಿ ಮೆಲ್ಲಗೆ ಮೇಲಕ್ಕೆ ಮಡಚಿಕೊಂಡಿತು.